ಹೊಸ ಘಟಕಕ್ಕೆ ಮೊದಲು ಹೂಳು ಮತ್ತು ಪೈಪು

ಮಾನ್ಯರೆ,

ಕೊಳಚೆ ನೀರಿನ ನಿರ್ವಹಣೆಗೆ ಸರ್ಕಾರದ ಹಣ ಬಂದಾಗ ಎಲ್ಲರ ಕಣ್ಣೂ ಹೊಸ ಶುದ್ಧೀಕರಣ ಘಟಕದ ಮೇಲೆಯೇ. ಘಟಕವಾದರೆ ಶಂಕುಸ್ಥಾಪನೆಗೂ ಒದಗುತ್ತದೆ, ಉದ್ಘಾಟನೆಗೂ ಒದಗುತ್ತದೆ. ನೆಲದಡಿಯ ಒಡಕು ಪೈಪಿಗೂ ಹತ್ತು ವರ್ಷದಿಂದ ಮುಚ್ಚಳ ತೆಗೆಯದ ಸೆಪ್ಟಿಕ್ ಟ್ಯಾಂಕಿಗೂ ಆ ಭಾಗ್ಯವಿಲ್ಲ. ಅನುದಾನ ಮೊದಲು ಹೋಗಬೇಕಾದದ್ದು ಇವೆರಡಕ್ಕೆ.

ಒಬ್ಬರಿಂದ ವರ್ಷಕ್ಕೆ ಸುಮಾರು 40 ಲೀಟರ್ ಹೂಳು ಟ್ಯಾಂಕಿನ ತಳದಲ್ಲಿ ಕೂರುತ್ತದೆಂದು ಹಿಡಿದರೆ, ಐವರಿರುವ ಮನೆಯಲ್ಲಿ ಮೂರು ವರ್ಷಕ್ಕೆ 600 ಲೀಟರ್. ತಳದ ಹೂಳೂ ಮೇಲೆ ತೇಲುವ ಜಿಡ್ಡಿನ ಪದರವೂ ಸೇರಿ ಆಳದ ಮೂರನೇ ಒಂದು ಭಾಗ ಮುಟ್ಟಿದಾಗ ತೆಗೆಸಲೇಬೇಕು. ಬಿಟ್ಟರೆ ಕೊಳಚೆ ಟ್ಯಾಂಕಿನಲ್ಲಿ ನಿಂತು ತಿಳಿಯಾಗುವಷ್ಟು ಜಾಗವೇ ಉಳಿಯದೆ, ಹೂಳು ಹೊರಪೈಪಿನಿಂದ ಇಂಗುಗುಂಡಿಗೆ ದಾಟಿ ಅಲ್ಲಿನ ಮಣ್ಣಿನ ರಂಧ್ರಗಳನ್ನು ಮುಚ್ಚುತ್ತದೆ. ಆಮೇಲೆ ಟ್ಯಾಂಕ್ ಖಾಲಿ ಮಾಡಿಸಿದರೂ ಗುಂಡಿ ಬೇಗ ಚೇತರಿಸಿಕೊಳ್ಳದು. ಜನ ಟ್ಯಾಂಕ್ ಉಕ್ಕುವವರೆಗೆ ಕಾಯುತ್ತಾರೆ, ಆ ಹೊತ್ತಿಗೆ ಗುಂಡಿ ಕೆಟ್ಟಿರುತ್ತದೆ. ಆದ್ದರಿಂದ ಕರೆ ಬಂದಾಗ ಹೋಗುವ ಪದ್ಧತಿ ಬಿಟ್ಟು, ಬೀದಿವಾರು ಪಟ್ಟಿ ಮಾಡಿ ಸರದಿಯಂತೆ ಹೂಳೆತ್ತಬೇಕು. ಅದರ ಖರ್ಚು ಆಸ್ತಿ ತೆರಿಗೆಯ ಜೊತೆಗೇ ಸೇರಿರಲಿ.

ಎತ್ತಿದ ಹೂಳು ಎಲ್ಲಿಗೆ ಹೋಗಬೇಕು? ಸುರಿಯಲು ಜಾಗ ಕೊಡದಿದ್ದರೆ ಟ್ಯಾಂಕರಿನವರು ಹಳ್ಳ ಹುಡುಕುತ್ತಾರೆ. ಹತ್ತಿರದ ಮ್ಯಾನ್‌ಹೋಲಿಗೆ ಬಿಟ್ಟರೂ ಆಪತ್ತೇ. 4,000 ಲೀಟರಿನ ಟ್ಯಾಂಕರಿನಲ್ಲಿರುವ ಹೂಳಿನ ಬಿಒಡಿ (ಕೊಳೆಯನ್ನು ಕರಗಿಸಲು ಬ್ಯಾಕ್ಟೀರಿಯಾಕ್ಕೆ ಬೇಕಾಗುವ ಆಮ್ಲಜನಕದ ಪ್ರಮಾಣ) ಲೀಟರಿಗೆ 5,000 ಮಿಲಿಗ್ರಾಂ ಇದ್ದರೆ ಒಟ್ಟು 20 ಕೆ.ಜಿ. ಆಯಿತು. ಒಬ್ಬರಿಂದ ದಿನಕ್ಕೆ 50 ಗ್ರಾಂ ಲೆಕ್ಕ ಹಿಡಿದರೆ, ಅದು 400 ಜನರ ಒಂದು ದಿನದ ಹೊರೆ. ಸಣ್ಣ ಘಟಕಕ್ಕೆ ಅದು ಹತ್ತೇ ನಿಮಿಷದಲ್ಲಿ ಬಂದು ಬಿದ್ದರೆ ಗಾಳಿತೊಟ್ಟಿಯ (ಕೊಳಚೆಗೆ ಗಾಳಿ ಊದುವ ತೊಟ್ಟಿ) ಆಮ್ಲಜನಕವೆಲ್ಲ ಖರ್ಚಾಗಿ, ಕೊಳೆ ತಿನ್ನುವ ಬ್ಯಾಕ್ಟೀರಿಯಾ ಸೊರಗುತ್ತವೆ. ಇದಕ್ಕೆ ಬೇಕಾದದ್ದು ಒಂದು ಜರಡಿ, ಮರಳು ಕೂರುವ ತೊಟ್ಟಿ, ಒಂದು ಶೇಖರಣಾ ತೊಟ್ಟಿ ಮತ್ತು ಹೊರೆ ಕಡಿಮೆಯಿರುವ ರಾತ್ರಿಯಲ್ಲಿ ನಿಧಾನವಾಗಿ ಬಿಡುವ ಚಿಕ್ಕ ಪಂಪು. ಘಟಕವೇ ಇಲ್ಲದ ಕಡೆ ಹೂಳು ಹರಡಿ ಒಣಗಿಸುವ ಜಲ್ಲಿ, ಮರಳಿನ ಒಣಹಾಸುಗಳೂ ಸಾಕು.

ಇಂಗುಗುಂಡಿಗೆ ಸಹಾಯಧನ ಕೊಡುವಾಗ ಮಣ್ಣನ್ನು ಪರೀಕ್ಷಿಸದಿರುವುದು ಇನ್ನೊಂದು ದಂಡದ ಖರ್ಚು. ಕುಳಿ ತೋಡಿ, ಹಿಂದಿನ ದಿನವೇ ನೀರು ತುಂಬಿ ಮಣ್ಣು ನೆನೆಸಿ, ಮರುದಿನ ನೀರು 2.5 ಸೆಂ.ಮೀ. ಇಳಿಯಲು ಎಷ್ಟು ಹೊತ್ತು ಬೇಕೆಂದು ನೋಡಿದರಾಯಿತು. ಒಂದು ಗಂಟೆ ಮೀರಿದರೆ ಅಲ್ಲಿ ಇಂಗುಗುಂಡಿ ಕೆಲಸ ಮಾಡದು. ಅಂತರ್ಜಲ ತೀರ ಮೇಲಿರುವ ಕಡೆಯೂ ಬೇಡ. ಬಾವಿ ನೀರು ಕೆಡುತ್ತದೆ.

ಇನ್ನು ಪೈಪು. ಮಳೆ ಬಂದ ದಿನ ಘಟಕಕ್ಕೆ ಎರಡು ಮೂರು ಪಟ್ಟು ನೀರು ಬರುತ್ತಿದ್ದರೆ ಘಟಕ ಚಿಕ್ಕದೆಂದು ಅರ್ಥವಲ್ಲ, ಮಳೆನೀರು ಒಳಚರಂಡಿಗೆ ಸೇರಿದೆ ಎಂದರ್ಥ. ಒಣ ದಿನಗಳಲ್ಲಿ ಬೆಳಗಿನ ಜಾವ 2ರಿಂದ 4 ಗಂಟೆಯ ಹರಿವು ಅಳೆಯಿರಿ. ಊರೆಲ್ಲ ಮಲಗಿರುವಾಗಲೂ ತಿಳಿನೀರು ಜೋರಾಗಿ ಹರಿಯುತ್ತಿದ್ದರೆ, ಅದರಲ್ಲಿ ಹೆಚ್ಚಿನದು ಒಡಕಿನಿಂದ ಒಳಬಂದ ಅಂತರ್ಜಲ. ಪೈಪಿಗೆ ಹೊಗೆ ಊದಿ ಅದು ಎಲ್ಲೆಲ್ಲಿ ಹೊರಬರುತ್ತದೆಂದು ನೋಡುವ ಹೊಗೆ ಪರೀಕ್ಷೆ ಮಾಡಿದರೆ ಅಕ್ರಮ ಸಂಪರ್ಕಗಳು ಗೊತ್ತಾಗುತ್ತವೆ, ಪೈಪಿನೊಳಗೆ ಕ್ಯಾಮೆರಾ ಬಿಟ್ಟರೆ ಬಿರುಕು ಕಾಣುತ್ತದೆ. ಇದರ ಉಲ್ಟಾ ಪರಿಸ್ಥಿತಿಯೂ ಇದೆ. ಮುಖ್ಯ ಪೈಪು ಹಾಕಿ ಮನೆ ಸಂಪರ್ಕ ಕೊಡದಿದ್ದರೆ ಹರಿವಿನ ವೇಗ ಕಸ ಕೊಚ್ಚಿಹೋಗಲು ಬೇಕಾದ ಸೆಕೆಂಡಿಗೆ 0.6 ಮೀಟರ್ ಮುಟ್ಟುವುದಿಲ್ಲ. ಕಸ ತಳದಲ್ಲೇ ಕೂತು ಕೊಳೆತು ಹೈಡ್ರೋಜನ್ ಸಲ್ಫೈಡ್ ಹೊಮ್ಮುತ್ತದೆ, ಅದು ಆಮ್ಲವಾಗಿ ಕಾಂಕ್ರೀಟ್ ಪೈಪಿನ ನೆತ್ತಿಯನ್ನು ತಿನ್ನುತ್ತದೆ. ಮ್ಯಾನ್‌ಹೋಲಿಗೆ ಇಳಿದವರ ಪ್ರಾಣ ತೆಗೆಯುವುದೂ ಇದೇ ಅನಿಲ. ಪ್ರಮಾಣ ಹೆಚ್ಚಿದಾಗ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ. ಹಾಗಾಗಿ, ಯಾರೂ ಒಳಗಿಳಿಯದೆ ರಭಸದ ನೀರಿನಿಂದ ಪೈಪು ತೊಳೆಯುವ ಜೆಟ್ಟಿಂಗ್ ಯಂತ್ರದ ಖರೀದಿಯನ್ನು ಮುಂದಿನ ವರ್ಷಕ್ಕೆ ತಳ್ಳುವುದು ಅಕ್ಷಮ್ಯ.

ಘಟಕ ಬೇಡವೆಂದಲ್ಲ. ಆದರೆ ಅದನ್ನು ಕೇಳುವ ಪ್ರತಿ ಅರ್ಜಿಯ ಜೊತೆಗೂ ಒಣ ದಿನದ ಮತ್ತು ಮಳೆ ದಿನದ ಹರಿವಿನ ಅಳತೆ, ಸಂಪರ್ಕ ಪಡೆದ ಮನೆಗಳ ಸಂಖ್ಯೆ, ಟ್ಯಾಂಕರ್ ಸುರಿಯುವ ಜಾಗದ ನಕ್ಷೆ, ವಿದ್ಯುತ್ ಬಿಲ್ಲು ಮತ್ತು ಬದಲಿ ಪಂಪಿಗೆ ಕನಿಷ್ಠ ಹತ್ತು ವರ್ಷ ಹಣ ಎಲ್ಲಿಂದ ಬರುತ್ತದೆಂಬ ಲೆಕ್ಕ ಇರಬೇಕು. ಇವಿಲ್ಲದ ಅರ್ಜಿಯನ್ನು ಹಿಂದಿರುಗಿಸಲಿ.

ಇತಿ,
ಒಳಚರಂಡಿ ನಿರ್ವಹಣೆಯ ಎಂಜಿನಿಯರುಗಳು