ಹರ್ಪಿಸ್ ರಕ್ತ ಪರೀಕ್ಷೆ: ಒಂದನೇ ತಾರೀಕಿನಿಂದ ಏನು ಬದಲಾಗುತ್ತದೆ, ಯಾಕೆ

ಆತ್ಮೀಯ ಗ್ರಾಹಕರೇ,

ನಮಸ್ಕಾರ. ಬರುವ ಒಂದನೇ ತಾರೀಕಿನಿಂದ ನಮ್ಮ ಲ್ಯಾಬಿನ ಮದುವೆ ಪ್ಯಾಕೇಜಿನಲ್ಲಿ ಹರ್ಪಿಸ್ ರಕ್ತ ಪರೀಕ್ಷೆ ಇರುವುದಿಲ್ಲ. ಹರ್ಪಿಸ್ ಅಂದರೆ ತುಟಿಗೆ ಅಥವಾ ಜನನಾಂಗಕ್ಕೆ ಗುಳ್ಳೆ ತರುವ ವೈರಸ್ ಸೋಂಕು. ಫುಲ್ ಬಾಡಿ ಚೆಕಪ್‌ನಿಂದಲೂ ಅದನ್ನು ತೆಗೆದಿದ್ದೇವೆ. ಎರಡರ ದರವೂ 400 ರೂಪಾಯಿ ಇಳಿಯುತ್ತದೆ. ಹರ್ಪಿಸ್ ಐಜಿಎಂ ಅನ್ನುವ ಪರೀಕ್ಷೆಯನ್ನಂತೂ ಪೂರ್ತಿ ನಿಲ್ಲಿಸುತ್ತಿದ್ದೇವೆ. "ಇಷ್ಟು ವರ್ಷ ಮಾಡಿ ಈಗ ಯಾಕೆ ಬೇಡ?" ಅಂತ ಕೆಲವರು ಕೌಂಟರಿನಲ್ಲಿ ಆಗಲೇ ಕೇಳಿದ್ದೀರಿ. ಕೇಳಲೇಬೇಕಾದ ಮಾತು. ಗಡಿಬಿಡಿಯಲ್ಲಿ ಉತ್ತರ ಹೇಳೋದು ಬೇಡ ಅಂತ ಈ ಪತ್ರ ಬರೆಯುತ್ತಿದ್ದೇವೆ.

ಹೋದ ಮಳೆಗಾಲದಲ್ಲಿ ಒಬ್ಬ ತಂದೆ ಬಂದರು. ಮಗಳ ನಿಶ್ಚಿತಾರ್ಥ ಆಗಿತ್ತು. ಎರಡೂ ಕಡೆಯವರು ಮಾತಾಡಿಕೊಂಡು ಹುಡುಗ ಹುಡುಗಿ ಇಬ್ಬರಿಗೂ ಮದುವೆ ಪ್ಯಾಕೇಜ್ ಮಾಡಿಸಿದ್ದರು. ನೆನೆದ ಕೊಡೆಯನ್ನು ಬಾಗಿಲ ಹೊರಗಿಟ್ಟು ಒಳಗೆ ಬಂದವರು ಶರ್ಟಿನೊಳಗಿಂದ ಕವರ್ ತೆಗೆದರು. ರಿಪೋರ್ಟ್ ಬಿಚ್ಚಿ ಮೂರನೇ ಪುಟದ ಒಂದು ಸಾಲಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದರು, ಪಕ್ಕದಲ್ಲಿ ನಿಂತವರಿಗೆ ಕಾಣಬಾರದು ಅಂತ. ಬೆರಳು ಸರಿಸಿದಾಗ ದಪ್ಪ ಅಕ್ಷರದಲ್ಲಿ "ಪಾಸಿಟಿವ್" ಅಂತಿತ್ತು. ಹರ್ಪಿಸ್ ಐಜಿಎಂ. "ನನ್ನ ಮಗಳು ಅಂಥವಳಲ್ಲ ಸಾರ್" ಅಂದರು. ಮುಂದೆ ಮಾತು ಹೊರಡಲಿಲ್ಲ.

ಚರ್ಮದ ಡಾಕ್ಟರು ಆಮೇಲೆ ನೋಡಿದರು. ಹುಡುಗಿಗೆ ಚಿಕ್ಕಂದಿನಿಂದಲೂ ಜ್ವರ ಬಂದಾಗಲೆಲ್ಲ ತುಟಿಯ ಅಂಚಿನಲ್ಲಿ ಗುಳ್ಳೆ ಏಳುತ್ತಿತ್ತು. ಇದ್ದದ್ದು ಅಷ್ಟೇ. ಆದರೆ ಅದು ಗೊತ್ತಾಗುವ ಹೊತ್ತಿಗೆ ಮೂರು ವಾರ ಕಳೆದಿತ್ತು. ಆ ಮೂರು ವಾರ ಆ ಮನೆಯಲ್ಲಿ ಅನ್ನ ಸೇರಿಲ್ಲ. ಯಂತ್ರ ಸರಿಯಾಗೇ ಇತ್ತು, ಸ್ಯಾಂಪಲ್ ಕೂಡ ಅವಳದೇ. ಆ ಪರೀಕ್ಷೆಯನ್ನು ಪ್ಯಾಕೇಜಿಗೆ ಸೇರಿಸಿದ್ದೇ ತಪ್ಪು, ಆ ತಪ್ಪು ನಮ್ಮದು. ಆ ಕುಟುಂಬದ ಕ್ಷಮೆ ಕೇಳಿದ್ದೇವೆ. ಇಂಥ ಕಾಗದ ನಮ್ಮಿಂದ ಬೇರೆಯವರಿಗೂ ಹೋಗಿರಬಹುದು. ಅವರ ಕ್ಷಮೆಯನ್ನೂ ಇಲ್ಲಿ ಕೇಳುತ್ತೇವೆ.

ಹರ್ಪಿಸ್ ಸಿಂಪ್ಲೆಕ್ಸ್ ವೈರಸ್‌ನಲ್ಲಿ ಎರಡು ಬಗೆ. ಟೈಪ್ 1 ಹೆಚ್ಚಾಗಿ ಬಾಯಿ, ತುಟಿಗೆ ಬರುವುದು. ಬಹಳ ಮಂದಿಗೆ ಮಗುವಾಗಿದ್ದಾಗಲೇ ಮನೆಯವರ ಮುತ್ತಿನಿಂದ, ಎಂಜಲಿನಿಂದ ಅಂಟಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಪ್ರಪಂಚದಲ್ಲಿ 50 ವರ್ಷದೊಳಗಿನ 100 ಜನರಲ್ಲಿ ಸುಮಾರು 64 ಜನರಿಗೆ ಇದು ಇದೆ. ಹೆಚ್ಚಿನವರಿಗೆ ಇದೆ ಅಂತಲೇ ಗೊತ್ತಿರುವುದಿಲ್ಲ. ಟೈಪ್ 2 ಮುಖ್ಯವಾಗಿ ಲೈಂಗಿಕ ಸಂಪರ್ಕದಿಂದ ಬರುತ್ತದೆ. ಟೈಪ್ 1 ಕೂಡ ಕೆಳಭಾಗಕ್ಕೆ ಬರಬಹುದು. ರಕ್ತದಲ್ಲಿ ಆಂಟಿಬಾಡಿ, ಅಂದರೆ ವೈರಸ್ ವಿರುದ್ಧ ಮೈ ತಯಾರಿಸುವ ಪ್ರತಿಕಾಯ, ಸಿಕ್ಕರೆ ವೈರಸ್ ಮೈ ಹೊಕ್ಕಿದೆ ಅಂತ ಮಾತ್ರ ತಿಳಿಯುತ್ತದೆ. ಎಲ್ಲಿ ಇದೆ, ಯಾವಾಗ ಬಂತು, ಯಾರಿಂದ ಬಂತು, ಯಾವುದನ್ನೂ ಅದು ಹೇಳುವುದಿಲ್ಲ.

ಈಗ ಐಜಿಎಂ ವಿಷಯ. ಎಷ್ಟೋ ಸೋಂಕುಗಳಲ್ಲಿ ಐಜಿಎಂ ಆಂಟಿಬಾಡಿ ಮೊದಲು ಏಳುತ್ತದೆ, ಆಮೇಲೆ ಇಳಿಯುತ್ತದೆ. ಹಾಗಾಗಿ ಅದು ಕಂಡರೆ "ಹೊಸ ಸೋಂಕು" ಅನ್ನುತ್ತಾರೆ. ಹರ್ಪಿಸ್‌ನಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಈ ವೈರಸ್ ಒಮ್ಮೆ ಬಂದರೆ ನರದ ಬುಡದಲ್ಲಿ ಜೀವಮಾನವಿಡೀ ಮಲಗಿರುತ್ತದೆ. ಜ್ವರ, ಬಿಸಿಲು, ಸುಸ್ತು ಅಂತ ಏನೋ ನೆಪಕ್ಕೆ ಆಗಾಗ ಏಳುತ್ತದೆ. ಹಾಗೆ ಎದ್ದಾಗಲೂ ಐಜಿಎಂ ಪಾಸಿಟಿವ್ ಬರಬಹುದು. ಟೈಪ್ 1 ಯಾವುದು, 2 ಯಾವುದು ಅಂತ ಬೇರ್ಪಡಿಸುವುದೂ ಅದರಿಂದ ಆಗುವುದಿಲ್ಲ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ತನ್ನ 2021ರ ಚಿಕಿತ್ಸಾ ಮಾರ್ಗಸೂಚಿಯಲ್ಲಿ ಹರ್ಪಿಸ್‌ಗೆ ಐಜಿಎಂ ಬೇಡ ಅಂತಲೇ ಹೇಳಿದೆ.

ಐಜಿಜಿ ಪರೀಕ್ಷೆ, ಅಂದರೆ ನಿಧಾನಕ್ಕೆ ಎದ್ದು ಬಹುಕಾಲ ಉಳಿಯುವ ಇನ್ನೊಂದು ಬಗೆಯ ಆಂಟಿಬಾಡಿಯ ಪರೀಕ್ಷೆ, ಉಳಿಸಿಕೊಂಡಿದ್ದೇವೆ. ಆದರೆ ಟೈಪ್ 1, ಟೈಪ್ 2 ಬೇರೆ ಬೇರೆ ಹೇಳುವ ಕಿಟ್ ಮಾತ್ರ, ಅದೂ ಡಾಕ್ಟರ ಚೀಟಿ ಇದ್ದರೆ ಮಾತ್ರ. ವೈರಸ್‌ನ ಮೈಮೇಲಿನ ಜಿ ಅನ್ನುವ ಗ್ಲೈಕೋಪ್ರೋಟೀನ್ (ಸಕ್ಕರೆ ಅಂಶ ಸೇರಿದ ಪ್ರೋಟೀನ್) ಎರಡು ಟೈಪಿನಲ್ಲೂ ಬೇರೆ ಬೇರೆ. ಅದರ ವಿರುದ್ಧ ಏಳುವ ಆಂಟಿಬಾಡಿಯನ್ನು ಹಿಡಿಯುವ ಕಿಟ್‌ಗಳಷ್ಟೇ ಎರಡನ್ನೂ ಬಿಡಿಸಿ ತೋರಿಸುತ್ತವೆ. ಎರಡನ್ನೂ ಸೇರಿಸಿ "1+2" ಅಂತ ಒಂದೇ ಉತ್ತರ ಕೊಡುವ ಕಿಟ್ ಇನ್ನು ತರಿಸುವುದಿಲ್ಲ.

ಇನ್ನು ಮುಂದೆ ರಿಪೋರ್ಟಿನಲ್ಲಿ ಇಂಡೆಕ್ಸ್ ಸಂಖ್ಯೆಯನ್ನೂ, ಅಂದರೆ ಪರೀಕ್ಷೆಯಲ್ಲಿ ಆಂಟಿಬಾಡಿ ಎಷ್ಟು ಬಲವಾಗಿ ಕಂಡಿತು ಅನ್ನುವ ಅಳತೆಯನ್ನೂ, ಬರೆಯುತ್ತೇವೆ. ಟೈಪ್ 2 ಐಜಿಜಿ ಸಾಮಾನ್ಯವಾಗಿ 1.1 ದಾಟಿದರೆ ಪಾಸಿಟಿವ್ ಅಂತ ಬರುತ್ತದೆ. ಆದರೆ 3ಕ್ಕಿಂತ ಕೆಳಗಿನ ಪಾಸಿಟಿವ್‌ಗಳಲ್ಲಿ ತಪ್ಪು ಜಾಸ್ತಿ. ಅಂಥ ರಿಪೋರ್ಟಿನಲ್ಲಿ "ಇನ್ನೊಂದು ವಿಧಾನದಿಂದ ಖಚಿತಪಡಿಸಬೇಕು" ಅಂತ ಕನ್ನಡದಲ್ಲೇ ಇರುತ್ತದೆ. ಒಂದು ಲೆಕ್ಕ ನೋಡಿ. ಯಾವ ತೊಂದರೆಯೂ ಇಲ್ಲದ 100 ಜನರಲ್ಲಿ 2 ಜನರಿಗೆ ಟೈಪ್ 2 ಇದೆ ಅಂದುಕೊಳ್ಳಿ. ಕಿಟ್ ಆ ಇಬ್ಬರನ್ನೂ ಹಿಡಿದು, ಇಲ್ಲದ ಇನ್ನೂ 4 ಜನರಿಗೆ ಇದೆ ಅಂದಿತು ಅನ್ನಿ. ಕೈಯಲ್ಲಿ 6 ಪಾಸಿಟಿವ್ ಕಾಗದ, ಅದರಲ್ಲಿ 4 ಸುಳ್ಳು! ಲಕ್ಷಣ ಇಲ್ಲದವರಿಗೆ ಸುಮ್ನೆ ಈ ಪರೀಕ್ಷೆ ಮಾಡಬೇಡಿ ಅಂತ ಅಮೆರಿಕದ ತಜ್ಞರ ಕಾರ್ಯಪಡೆ 2016ರಲ್ಲೂ 2023ರಲ್ಲೂ ಹೇಳಿದ್ದು ಇದಕ್ಕೇ. ಎಚ್‌ಐವಿ, ಹೆಪಟೈಟಿಸ್ ಬಿ ಪರೀಕ್ಷೆಗಳು ಮದುವೆ ಪ್ಯಾಕೇಜಿನಲ್ಲಿ ಹಾಗೇ ಇರುತ್ತವೆ. ಅವು ಬೇಕೇ ಬೇಕು.

ನೆಗೆಟಿವ್ ಬಂದರೂ ಒಂದು ಮಾತು. ಸೋಂಕು ತಗುಲಿದ ಮೇಲೆ ಆಂಟಿಬಾಡಿ ಏಳಲು ವಾರಗಟ್ಟಲೆ ಬೇಕು, ಕೆಲವರಿಗೆ 12 ವಾರವೂ ಹಿಡಿಯುತ್ತದೆ. ಮೊನ್ನೆಯ ಭಯಕ್ಕೆ ಇವತ್ತೇ ರಕ್ತ ಕೊಟ್ಟರೆ ಉತ್ತರ ಸಿಗುವುದಿಲ್ಲ.

ಗುಳ್ಳೆ, ಹುಣ್ಣು ಕಣ್ಣಿಗೆ ಕಾಣುತ್ತಿದ್ದರೆ ರಕ್ತ ಬೇಡ. ಮೊದಲು ಡಾಕ್ಟರಿಗೆ ತೋರಿಸಿ. ಅವರು ಹೇಳಿದರೆ ಹುಣ್ಣಿನ ಮೇಲಿಂದ ಸ್ವಾಬ್ ತೆಗೆದು ಪಿಸಿಆರ್‌ಗೆ (ವೈರಸ್ಸನ್ನೇ ನೇರ ಹುಡುಕುವ ಪರೀಕ್ಷೆಗೆ) ಬೆಂಗಳೂರಿಗೆ ಕಳಿಸುತ್ತೇವೆ. ಇದಕ್ಕೆ ಗುಳ್ಳೆ ಹಸಿಯಾಗಿರಬೇಕು. ಒಣಗಿ ಹಕ್ಕಳೆ ಕಟ್ಟಿದ ಮೇಲೆ ವೈರಸ್ ಸಿಗದೇ ಹೋಗಬಹುದು. ಅರಿಶಿನ, ಸುಣ್ಣ, ಮುಲಾಮು ಏನನ್ನೂ ಹಚ್ಚಿಕೊಂಡು ಬರಬೇಡಿ. ಅಂದಹಾಗೆ, ಸರ್ಪಸುತ್ತು ಆದವರೂ ಹರ್ಪಿಸ್ ಟೆಸ್ಟ್ ಕೇಳಿಕೊಂಡು ಬರುತ್ತಾರೆ. ಅದರ ಹೆಸರಿನಲ್ಲೂ ಹರ್ಪಿಸ್ ಇದೆ, ನಿಜ. ಆದರೆ ಅದು ಚಿಕನ್ ಪಾಕ್ಸ್‌ನ ವೈರಸ್, ಇದೇ ಬೇರೆ.

ಬಸುರಿಯರ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಅಬಾರ್ಷನ್ ಆದವರು ಯಾರೋ ಹೇಳಿದರು ಅಂತ ಟಾರ್ಚ್ ಟೆಸ್ಟ್ (ಬಸಿರಿನಲ್ಲಿ ಮಗುವಿಗೆ ತೊಂದರೆ ಮಾಡಬಹುದಾದ ಹರ್ಪಿಸ್ ಮುಂತಾದ ಸೋಂಕುಗಳ ಒಟ್ಟು ಪರೀಕ್ಷೆ) ಮಾಡಿಸಲು ನೇರ ಬರುತ್ತಾರೆ. ಅದರಲ್ಲಿ ಹರ್ಪಿಸ್ ಐಜಿಎಂ ಪಾಸಿಟಿವ್ ಬಂದರೆ ಮಗು ಹೋಗಿದ್ದು ಇದರಿಂದಲೇ ಅಂತ ತಮ್ಮನ್ನೇ ಹಳಿದುಕೊಳ್ಳುತ್ತಾರೆ. ಆ ಕಾಗದದಿಂದ ಹಾಗೆ ತೀರ್ಮಾನಿಸಲು ಬರುವುದಿಲ್ಲ, ತಾಯಂದಿರೇ. ಇನ್ನು ಡಾಕ್ಟರು ಬರೆದರೆ ಮಾತ್ರ ಟಾರ್ಚ್ ಮಾಡುತ್ತೇವೆ, ಹರ್ಪಿಸ್ ಐಜಿಎಂ ಬಿಟ್ಟು. ಯಾಕೆ ಬಿಟ್ಟೆವು ಅಂತ ಡಾಕ್ಟರಿಗೆ ನಾವೇ ಫೋನ್ ಮಾಡಿ ಹೇಳುತ್ತೇವೆ.

ಹರ್ಪಿಸ್‌ನಿಂದ ಮಗುವಿಗೆ ನಿಜವಾದ ಅಪಾಯ ಹೆಚ್ಚಾಗಿ ಹೆರಿಗೆಯ ಹೊತ್ತಿನಲ್ಲಿ. ತಾಯಿಗೆ ಕೊನೆಯ ತಿಂಗಳುಗಳಲ್ಲಿ ಮೊದಲ ಸಲ ಸೋಂಕು ತಗುಲಿದರೆ ಅದು ಜಾಸ್ತಿ. ಹಳೇ ಸೋಂಕು ಇದ್ದವರಲ್ಲಿ ಬಹಳ ಕಡಿಮೆ. ಬಸುರಿಯಲ್ಲಿ ಕೆಳಭಾಗಕ್ಕೆ ಹುಣ್ಣು, ಉರಿ ಕಂಡರೆ ಲ್ಯಾಬಿಗೆ ಬರಬೇಡಿ, ಸೀದಾ ಡಾಕ್ಟರ ಹತ್ತಿರ ಹೋಗಿ. ಮಾತ್ರೆ ಇದೆ, ಹುಣ್ಣು ಇದ್ದಾಗ ಹೆರಿಗೆ ಬಂದರೆ ಸಿಸೇರಿಯನ್ ಮಾಡುತ್ತಾರೆ. ಬಾಣಂತಿ ನೋಡಲು ಬರುವವರ ತುಟಿ ಮೇಲೆ ಗುಳ್ಳೆ ಇದ್ದರೆ ಮಗುವಿಗೆ ಮುತ್ತು ಕೊಡಲು ಬಿಡಬೇಡಿ. ಅಜ್ಜಿಯಾದರೂ ಸರಿ. ತಿಂಗಳೊಳಗಿನ ಕೂಸು ಹಾಲು ಬಿಟ್ಟರೆ, ಮಂಕಾದರೆ, ಮೈಮೇಲೆ ನೀರುಗುಳ್ಳೆ ಎದ್ದರೆ ರಾತ್ರಿಯಾದರೂ ಆಸ್ಪತ್ರೆಗೆ ಒಯ್ಯಿರಿ.

ನಮ್ಮಲ್ಲಿ ಹಿಂದೆ ಹರ್ಪಿಸ್ ರಿಪೋರ್ಟ್ ತೆಗೆದುಕೊಂಡವರು ಅದನ್ನು ತನ್ನಿ. ದಿನವೂ ಮಧ್ಯಾಹ್ನ 3ರಿಂದ 5ರವರೆಗೆ ಒಳಗಿನ ರೂಮಿನಲ್ಲಿ, ಬಾಗಿಲು ಹಾಕಿಕೊಂಡು, ನಿಮ್ಮ ಜೊತೆ ಕೂತು ಓದಿ ಹೇಳುತ್ತೇವೆ. ಮತ್ತೆ ಪರೀಕ್ಷೆ ಬೇಕು ಅಂತ ಡಾಕ್ಟರು ಹೇಳಿದರೆ ಅದರ ಖರ್ಚು ನಮ್ಮದು. ಕೌಂಟರಿನಲ್ಲಿ ಹೆಸರು ಹೇಳಬೇಕಾಗಿಲ್ಲ, "ಹಳೇ ರಿಪೋರ್ಟ್" ಅಂದರೆ ಸಾಕು.

ಇಂತಿ,
ನಿಮ್ಮ ಲ್ಯಾಬಿನ ಎಲ್ಲರೂ