ಐರಿಶ್ ಹಬ್ಬಕ್ಕೆ ಪಂಕ್ ಬ್ಯಾಂಡ್ ಬೇಕಾ?

ಎಲ್ಲರಿಗೂ ನಮಸ್ಕಾರ. ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ನಡೆಯುವ ಐರ್ಲೆಂಡ್ ಸಂಸ್ಕೃತಿಯ ಹಬ್ಬವಾದ ಮಿಲ್ವಾಕಿ ಐರಿಶ್ ಫೆಸ್ಟ್‌ಗೆ ಮಕ್ಕಳ ಜೊತೆ ಹೋಗುವವರು ಕೇಳುತ್ತಿದ್ದೀರಿ: ಮನೆಮಂದಿಯೆಲ್ಲ ಸೇರುವ ಜಾಗಕ್ಕೆ ಪಂಕ್ ಅನ್ನೋ ಜೋರು, ವೇಗದ ರಾಕ್ ಸಂಗೀತದ ಗಲಾಟೆಯ ಬ್ಯಾಂಡ್ ಯಾಕೆ ಅಂತ. ಬೇಕು ಅಂತಲೇ ನಾನು ಹೇಳುತ್ತೇನೆ.

ಇದು ಹೊರಗಿನಿಂದ ನುಗ್ಗಿದ ಸಂಗೀತ ಅಲ್ಲ. ಪಂಕ್ ಜೊತೆ ಐರಿಶ್ ಜನಪದ ಸಂಗೀತ ಬೆರೆಸಿದ ಬ್ಯಾಂಡ್ ದ ಪೋಗ್ಸ್ 1982ರಲ್ಲಿ ಲಂಡನ್ನಿನಲ್ಲಿ ಶುರುವಾಯಿತು. ಅವರು ನುಡಿಸಿದ್ದು ಅಕಾರ್ಡಿಯನ್, ಬ್ಯಾಂಜೋ, ಟಿನ್ ವಿಸಲ್ ಅನ್ನೋ ಪುಟ್ಟ ತಗಡಿನ ಕೊಳಲು. 1987ರಲ್ಲಿ ಹಳೇ ತಲೆಮಾರಿನ ಐರಿಶ್ ಜನಪದ ತಂಡ ದ ಡಬ್ಲಿನರ್ಸ್‌ನವರು ಪೋಗ್ಸ್ ಜೊತೆ ಸೇರಿ ಹಾಡಿದರು. ಹಿರಿಯರೇ ಪಕ್ಕದಲ್ಲಿ ನಿಂತು ಹಾಡಿದ ಮೇಲೆ ಬೇಡ ಅನ್ನೋಕೆ ನಾವು ಯಾರು? ಡ್ರಾಪ್‌ಕಿಕ್ ಮರ್ಫೀಸ್ ಅನ್ನೋ ಅಮೆರಿಕದ ಪಂಕ್ ಬ್ಯಾಂಡಿನ ಹಾಡಿನಲ್ಲಿ ಬ್ಯಾಗ್‌ಪೈಪ್ ಕೇಳಿಯೇ ಎಷ್ಟೋ ಹುಡುಗರು ಜಿಗ್, ರೀಲ್ ಅನ್ನೋ ಹಳೆಯ ಐರಿಶ್ ಕುಣಿತದ ಮಟ್ಟುಗಳ ಕಡೆ ತಿರುಗುತ್ತಾರೆ.

ಆದರೆ ವೇದಿಕೆಯ ಮುಂದಿನ ನೂಕಾಟ ಸಣ್ಣ ವಿಷಯ ಅಲ್ಲ. ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ಕುಣಿಯುತ್ತಾರೆ, ಬಿಯರ್ ಚೆಲ್ಲುತ್ತದೆ, ಬೈಗುಳವೂ ಕೇಳಿಬರುತ್ತದೆ. ಪುಟ್ಟ ಮಕ್ಕಳಿದ್ದರೆ ದಯವಿಟ್ಟು ಹಿಂದೆಯೇ ನಿಲ್ಲಿ. ಅವರ ಕಿವಿಗೆ ಸದ್ದು ತಡೆಯುವ ಇಯರ್‌ಮಫ್ ಹಾಕಿ, ಹತ್ತಿ ಸಾಲದು.

ಇನ್ನು, ಸಂಘಟಕರಿಗೆ ಬರೆಯುವವರು ಸುಮ್ನೆ ಬ್ಯಾಂಡ್ ತೆಗೆಯಿರಿ ಅನ್ನಬೇಡಿ. ರಾತ್ರಿ ಕೊನೆಯ ಹೊತ್ತಿಗೆ, ಮಕ್ಕಳ ಜಾಗದಿಂದ ದೂರದ ವೇದಿಕೆ ಕೊಡಿ ಅಂತ ಕೇಳಿ.