ಗುಟ್ಟು ಯಾರದ್ದು, ಅಪ್ಪಾ?

ಚೆಲ್ಟನ್‌ಹ್ಯಾಮ್, ಇಂಗ್ಲೆಂಡ್

ತೀರ್ಥರೂಪರಾದ ಅಪ್ಪನಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಕ್ಷೇಮ. ಅಮ್ಮನ ಮಂಡಿನೋವು ಕಡಿಮೆಯಾಗಿದೆ ಎಂದು ತಮ್ಮ ಹೇಳಿದ, ಸಮಾಧಾನವಾಯಿತು. ಸರ್ಕಾರದ ಗುಟ್ಟನ್ನು ಪತ್ರಿಕೆಗೆ ತಲುಪಿಸಿದ ಕ್ಯಾಥರೀನ್ ಗನ್ ಬಗ್ಗೆ ಹೋದ ಭಾನುವಾರ ಫೋನಿನಲ್ಲಿ ನಡೆದ ನಮ್ಮ ವಾದ ಅರ್ಧಕ್ಕೇ ನಿಂತಿತಲ್ಲ, ಅದು ಇನ್ನೂ ತಲೆಯಲ್ಲೇ ಇದೆ. ನೀವು ಎತ್ತಿದ ಪ್ರಶ್ನೆ ಸಣ್ಣದಲ್ಲ. ಅದಕ್ಕೇ ಈ ಕಾಗದ.

"ಗುಟ್ಟು ಕಾಯ್ತೇನೆ ಅಂತ ಸಹಿ ಹಾಕಿ ಸಂಬಳ ತಗೊಂಡವರು ಗುಟ್ಟು ಹೊರಗೆ ಹಾಕಿದರೆ ಅದು ದ್ರೋಹವೇ" ಅಂದಿರಿ. ಬೇರೆ ಯಾರಾದರೂ ಹೇಳಿದ್ದರೆ ಕೇಳಿ ಸುಮ್ಮನಾಗುತ್ತಿದ್ದೆ. ಆದರೆ ನೀವು ಶಿರಸಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ, ದೂರದ ಊರುಗಳ ಕರೆ ಜೋಡಿಸುವ ಟ್ರಂಕ್ ಬೋರ್ಡಿನ ಮುಂದೆ ಹೆಡ್‌ಸೆಟ್ ಹಾಕಿಕೊಂಡು ವರ್ಷಗಟ್ಟಲೆ ಕೂತವರು. ಯಾರ ಸಾಲ, ಯಾರ ಮನೆಯ ಜಗಳ, ಯಾರ ಸಂಬಂಧ ಮುರಿದದ್ದು, ಎಲ್ಲ ನಿಮ್ಮ ಕಿವಿಗೆ ಬಿದ್ದಿರಬೇಕು. ಮನೆಗೆ ಬಂದು ಒಂದಕ್ಷರ ಆಡಿದವರಲ್ಲ. ಅಮ್ಮ ಕೆದಕಿದರೂ "ಲೈನು ಕೊಟ್ಟೆ, ಅಷ್ಟೇ" ಅನ್ನುತ್ತಿದ್ದಿರಿ. ಆ ನಿಷ್ಠೆಯ ಮೇಲೆ ನನಗೆ ಅಪಾರ ಗೌರವವಿದೆ. ಹಾಗಿದ್ದೂ ಕ್ಯಾಥರೀನ್ ಗನ್ ಮಾಡಿದ್ದು ದ್ರೋಹ ಎಂದು ಒಪ್ಪಲು ನನ್ನಿಂದ ಆಗುತ್ತಿಲ್ಲ.

ಆಕೆ ಕೆಲಸ ಮಾಡಿದ್ದು ನಮ್ಮ ಊರಿನಲ್ಲೇ. ನಾನು ಹೋಗುವ ಬಸ್ಸು ಬೆನ್‌ಹಾಲ್ ದಾಟುವಾಗ ಜಿಸಿಎಚ್‌ಕ್ಯು ಕಟ್ಟಡ ಕಾಣುತ್ತದೆ. ದುಂಡಗೆ, ನಡುವೆ ಬಯಲು ಬಿಟ್ಟು, ಥೇಟ್ ಉದ್ದಿನವಡೆಯ ಆಕಾರ. ಊರವರು ಅದನ್ನು ಡೋನಟ್ ಅನ್ನುತ್ತಾರೆ. ಬ್ರಿಟಿಷ್ ಸರ್ಕಾರಕ್ಕಾಗಿ ಜಗತ್ತಿನ ಫೋನು, ಇಮೇಲುಗಳಿಗೆ ಕಿವಿಗೊಡುವ ಕಚೇರಿ ಅದು. ಸುತ್ತ ಎತ್ತರದ ಬೇಲಿ, ಬೇಲಿಯಾಚೆ ಸಾಮಾನ್ಯ ಮನೆಗಳು, ಅಂಗಳದಲ್ಲಿ ಮಕ್ಕಳ ಸೈಕಲ್ಲು. ಈ ಊರಲ್ಲಿ ಯಾರಾದರೂ "ಸರ್ಕಾರಿ ಕೆಲಸ" ಅಂದರೆ ಮುಂದಿನ ಪ್ರಶ್ನೆ ಕೇಳುವ ಪದ್ಧತಿಯಿಲ್ಲ. ಅವರೂ ನಿಮ್ಮ ಹಾಗೆಯೇ, ಮನೆಯಲ್ಲಿ ಏನೂ ಹೇಳದವರು.

ಕ್ಯಾಥರೀನ್ ಅಲ್ಲಿ ಚೀನೀ ಭಾಷೆಯ ಅನುವಾದಕಿ, ಆಗ 28 ವರ್ಷ. 2003ರ ಜನವರಿ 31ರಂದು ಅಮೆರಿಕದ ಎನ್‌ಎಸ್‌ಎ ಎಂಬ ಗುಪ್ತಚರ ಸಂಸ್ಥೆಯಿಂದ ಬಂದ ಒಂದು ಇಮೇಲ್ ಆಕೆಯ ಕೈಗೂ ಸಿಕ್ಕಿತು. ಇರಾಕ್ ಮೇಲೆ ಯುದ್ಧಕ್ಕೆ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಒಪ್ಪಿಗೆ ಬೇಕಿತ್ತು. ಅಂಗೋಲ, ಕ್ಯಾಮರೂನ್, ಚಿಲಿ, ಗಿನಿ, ಪಾಕಿಸ್ತಾನ ಮುಂತಾದ ದೇಶಗಳು ಇನ್ನೂ ಮನಸ್ಸು ಮಾಡಿರಲಿಲ್ಲ. ಆ ದೇಶಗಳ ಪ್ರತಿನಿಧಿಗಳ ಮಾತುಕತೆ ಕದ್ದಾಲಿಸಲು ನೀವೂ ಕೈಜೋಡಿಸಿ ಎಂಬುದು ಆ ಇಮೇಲಿನ ಸಾರ. ಬಾಂಬಿಡುವವರನ್ನು ಹಿಡಿಯಲು ಕೇಳಿದ ಸಹಾಯ ಅದಲ್ಲ, ಮತ ಹಾಕುವವರನ್ನು ಬಗ್ಗಿಸಲು ದಾರಿ ಹುಡುಕುವ ಕೆಲಸ. ಆಕೆ ಅದನ್ನು ಪ್ರಿಂಟ್ ತೆಗೆದು, ಮನೆಗೆ ಒಯ್ದು, ಪರಿಚಯದವರೊಬ್ಬರ ಮೂಲಕ ಪತ್ರಕರ್ತರಿಗೆ ತಲುಪಿಸಿದಳು. ಮಾರ್ಚ್ 2ರ ಅಬ್ಸರ್ವರ್ ಪತ್ರಿಕೆಯ ಮೊದಲ ಪುಟದಲ್ಲಿ ಅದು ಅಚ್ಚಾಯಿತು.

ಒಂದು ಸಣ್ಣ ವಿಷಯ ಓದಿ ನನಗೆ ಸಂಕಟವಾಯಿತು. ಅಮೆರಿಕದವರು ಬರೆದ ಇಮೇಲಿನ ಕಾಗುಣಿತವನ್ನು ಪತ್ರಿಕೆಯ ಕಚೇರಿಯಲ್ಲಿ ಯಾರೋ ರೂಢಿಯಂತೆ ಬ್ರಿಟಿಷ್ ಕಾಗುಣಿತಕ್ಕೆ ತಿದ್ದಿಬಿಟ್ಟಿದ್ದರು. ಅಮೆರಿಕದವನು ಹೀಗೆ ಬರೆಯುತ್ತಾನೆಯೇ, ಇದು ನಕಲಿ ಎಂದು ಗುಲ್ಲೆದ್ದಿತು. ಅಲ್ಲಿನ ಟೀವಿಯವರು ಪತ್ರಕರ್ತರ ಜೊತೆ ಗೊತ್ತುಮಾಡಿದ್ದ ಸಂದರ್ಶನಗಳನ್ನು ಕೈಬಿಟ್ಟರು. ಜೀವನವನ್ನೇ ಪಣಕ್ಕಿಟ್ಟು ಹೊರತಂದ ಸತ್ಯ ಕೆಲವು ಅಕ್ಷರಗಳಲ್ಲಿ ಮುಳುಗುವುದರಲ್ಲಿತ್ತು.

ಕಚೇರಿಯಲ್ಲಿ ಒಬ್ಬೊಬ್ಬರನ್ನೇ ಕರೆದು ವಿಚಾರಣೆ ಶುರುವಾಯಿತು. ಮೊದಲು ಆಕೆ ಅಲ್ಲವೆಂದಳು. ಆಮೇಲೆ ಕೆಲವೇ ದಿನಗಳಲ್ಲಿ ತಾನೇ ಮೇಲಧಿಕಾರಿಯ ಬಳಿ ಹೋಗಿ ಒಪ್ಪಿಕೊಂಡಳು. ಬಂಧನವಾಯಿತು, ಕೆಲಸ ಹೋಯಿತು. ಮಾರ್ಚ್ 20ಕ್ಕೆ ಯುದ್ಧ ಶುರುವಾಗಿಯೇ ಬಿಟ್ಟಿತು, ಆಕೆಯಿಂದ ಅದು ನಿಲ್ಲಲಿಲ್ಲ. ನವೆಂಬರ್ 13ಕ್ಕೆ ಅಧಿಕೃತ ರಹಸ್ಯಗಳ ಕಾಯ್ದೆಯಡಿ ಆರೋಪ ಹೊರಿಸಿದರು. 2004ರ ಫೆಬ್ರವರಿ 25ರಂದು ಲಂಡನ್ನಿನ ಓಲ್ಡ್ ಬೈಲಿ ನ್ಯಾಯಾಲಯದಲ್ಲಿ ಕೇಸು ಕರೆದಾಗ, ಸಾಕ್ಷ್ಯ ಮಂಡಿಸುವುದಿಲ್ಲ ಎಂದು ಸರ್ಕಾರಿ ವಕೀಲರೇ ಹಿಂದೆ ಸರಿದರು. ಈ ಯುದ್ಧ ಕಾನೂನುಬದ್ಧವೇ ಎಂಬ ಬಗ್ಗೆ ಸರ್ಕಾರಕ್ಕೆ ಸಿಕ್ಕ ಕಾನೂನು ಸಲಹೆಯನ್ನು ಹಾಜರುಪಡಿಸಿ ಎಂದು ಆಕೆಯ ಪರ ವಕೀಲರು ಕೇಳಿದ್ದರು. ಅದು ಹೊರಬರುವುದು ಬೇಡವಾಗಿತ್ತು ಎಂದೇ ನನ್ನ ನಂಬಿಕೆ.

"ಮೇಲಿನವರಿಗೆ ಹೇಳಬಹುದಿತ್ತಲ್ಲ" ಅಂತಲೂ ಕೇಳಿದಿರಿ. ಆದೇಶವೇ ಮೇಲಿನಿಂದ ಇಳಿದು ಬಂದಾಗ ಯಾರಿಗೆ ಹೇಳುವುದು? ಕಾನೂನಿನ ಬಾಗಿಲುಗಳನ್ನು ಇಲ್ಲಿ ಒಂದೊಂದಾಗಿ ಮುಚ್ಚುತ್ತ ಬಂದಿದ್ದಾರೆ. 1985ರಲ್ಲಿ ಕ್ಲೈವ್ ಪಾಂಟಿಂಗ್ ಎಂಬ ರಕ್ಷಣಾ ಇಲಾಖೆಯ ಅಧಿಕಾರಿಯನ್ನು, ನ್ಯಾಯಾಧೀಶರ ನಿಲುವಿಗೆ ವಿರುದ್ಧವಾಗಿ, ಸಾಮಾನ್ಯ ನಾಗರಿಕರ ಜ್ಯೂರಿ ಖುಲಾಸೆ ಮಾಡಿತ್ತು. ಸಾರ್ವಜನಿಕ ಹಿತಕ್ಕಾಗಿ ಇಲಾಖೆಯ ದಾಖಲೆಗಳನ್ನು ಸಂಸದನಿಗೆ ಕೊಟ್ಟೆ ಎಂದಿದ್ದನವನು. 1989ರ ಹೊಸ ಕಾಯ್ದೆಯಲ್ಲಿ ಆ ಸಮರ್ಥನೆಗೆ ಜಾಗವನ್ನೇ ಉಳಿಸಲಿಲ್ಲ. ಅಕ್ರಮ ಬಯಲು ಮಾಡುವ ನೌಕರರನ್ನು ಕಾಪಾಡಲು 1998ರಲ್ಲಿ ಮಾಡಿದ ಕಾನೂನು ಗುಪ್ತಚರ ಸಂಸ್ಥೆಗಳವರಿಗೆ ಅನ್ವಯಿಸುವುದೇ ಇಲ್ಲ.

ಮೇಲಿನವರಿಗೇ ಹೇಳಿದವನ ಕತೆ ನಮ್ಮ ದೇಶದಲ್ಲಿದೆ. ಹೆದ್ದಾರಿ ಪ್ರಾಧಿಕಾರದ ಎಂಜಿನಿಯರ್ ಸತ್ಯೇಂದ್ರ ದುಬೆ ಬಿಹಾರದ ರಸ್ತೆ ಕಾಮಗಾರಿಯ ಅವ್ಯವಹಾರದ ಬಗ್ಗೆ ನೇರವಾಗಿ ಪ್ರಧಾನಿ ಕಚೇರಿಗೆ ಬರೆದ, ನನ್ನ ಹೆಸರು ಗುಟ್ಟಾಗಿಡಿ ಎಂದು ಕೇಳಿಕೊಂಡ. ಆ ಪತ್ರ ಹೆಸರಿನ ಸಮೇತ ಮೇಜಿನಿಂದ ಮೇಜಿಗೆ ಹೋಯಿತು. ಕ್ಯಾಥರೀನ್ ಮೇಲೆ ಇಲ್ಲಿ ಆರೋಪ ಹೊರಿಸಿದ ಅದೇ ತಿಂಗಳು, 2003ರ ನವೆಂಬರ್ 27ರಂದು, ಗಯಾದಲ್ಲಿ ಅವನನ್ನು ಗುಂಡಿಟ್ಟು ಕೊಂದರು. ಕೊಲೆ ದರೋಡೆಗಾಗಿ ಆದದ್ದು ಎಂದು ಸಿಬಿಐ ಹೇಳಿತು. ಕಾರಣ ಏನೇ ಇರಲಿ, ಆ ಹೆಸರನ್ನು ಕಾಯುವುದು ಸರ್ಕಾರದ ಹೊಣೆಯಾಗಿತ್ತು, ಅದು ಕಾಯಲಿಲ್ಲ. ಇಂಥವರ ರಕ್ಷಣೆಗೆಂದು ನಮ್ಮಲ್ಲಿ 2014ರಲ್ಲಿ ಕಾಯ್ದೆಯಾಯಿತು, ರಾಷ್ಟ್ರಪತಿಗಳ ಸಹಿಯೂ ಬಿತ್ತು, ಜಾರಿಗೆ ಮಾತ್ರ ತರಲಿಲ್ಲ. ಬ್ರಿಟಿಷರು ಮಾಡಿಟ್ಟುಹೋದ 1923ರ ರಹಸ್ಯ ಕಾಯ್ದೆ ಮಾತ್ರ ಜೀವಂತವಾಗಿದೆ.

ಈಗ ನಿಮ್ಮ ಬೋರ್ಡಿನ ವಿಷಯಕ್ಕೆ ಬರುತ್ತೇನೆ. ನೀವು ಕಾಪಾಡಿದ ಗುಟ್ಟು ಮಾತಾಡುತ್ತಿದ್ದವರದ್ದು. ಹೊಸಪೇಟೆಯಲ್ಲಿದ್ದ ಮಗನಿಗೆ ತಾಯಿ ಹೇಳಿದ ಮಾತು ಅವರಿಬ್ಬರ ಸೊತ್ತು, ನಿಮ್ಮ ಮೌನ ಅವರಿಗೆ ರಕ್ಷಣೆ. ಕ್ಯಾಥರೀನ್‌ಗೆ ಕಾಯಲು ಹೇಳಿದ ಗುಟ್ಟು ಕದ್ದು ಕೇಳುವವರದ್ದು. ಅವಳು ಬಾಯಿ ಮುಚ್ಚಿಕೊಂಡಿದ್ದರೆ ಕೇಳಿಸಿಕೊಳ್ಳುವವರಿಗೆ ಲಾಭ, ಮಾತಾಡಿದವರಿಗೆ ನಷ್ಟ. ಎರಡಕ್ಕೂ ಹಾಕಿದ ಸಹಿ ಒಂದೇ ಥರದ್ದು ಇರಬಹುದು, ಎರಡೂ ಒಂದೇ ಧರ್ಮವಲ್ಲ. ನಿಮ್ಮ ಕಾಲದಲ್ಲಿ ಯಾರಾದರೂ ದೊಡ್ಡವರು ಬಂದು, ಎದುರಾಳಿ ಪಕ್ಷದವನ ಲೈನಿಗೆ ಕಿವಿಯಿಟ್ಟು ನನಗೆ ಬಂದು ಹೇಳು ಅಂದಿದ್ದರೆ ನೀವು ಹೇಳುತ್ತಿದ್ದಿರೇ? ನಿಮ್ಮನ್ನು ಬಲ್ಲ ನಾನು ಹೇಳುತ್ತೇನೆ, ಇಲ್ಲ.

ಸರ್ಕಾರ ಯಾರ ಮಾತನ್ನೂ ಯಾವತ್ತೂ ಕೇಳಬಾರದು ಎಂಬ ಹಟ ನನಗಿಲ್ಲ. 2005ರ ಜುಲೈನಲ್ಲಿ ಲಂಡನ್ನಿನ ರೈಲು, ಬಸ್ಸುಗಳಲ್ಲಿ ಬಾಂಬು ಸಿಡಿದು 52 ಜನ ಸತ್ತರು. ಅಂಥದ್ದನ್ನು ಮೊದಲೇ ತಿಳಿದು ತಡೆಯುವವರು ಬೇಕೇ ಬೇಕು. ಆದರೆ ಅನುಮಾನ ಇದ್ದವರನ್ನು ಕೇಳುವುದು ಬೇರೆ, ಎಲ್ಲರದ್ದನ್ನೂ ತುಂಬಿಟ್ಟುಕೊಳ್ಳುವುದು ಬೇರೆ. ಸಮುದ್ರದಡಿಯ ಕೇಬಲ್ ಅಂದರೆ ನಿಮಗೆ ಆಸಕ್ತಿ, ಹಾಗಾಗಿ ಇದನ್ನು ಬರೆಯಬೇಕು. ಇಂಗ್ಲೆಂಡಿನ ತುದಿಯಲ್ಲಿ ಕಾರ್ನ್‌ವಾಲ್ ಎಂಬ ಸೀಮೆಯಿದೆ. 1870ರಲ್ಲಿ ಬೊಂಬಾಯಿಯಿಂದ ಹೊರಟ ತಂತಿ ಕೇಬಲ್ ಸರಣಿ ದಡ ಹತ್ತಿದ್ದು ಅಲ್ಲಿನ ಪೋರ್ತ್‌ಕರ್ನೋ ಕಡಲತೀರದಲ್ಲಿ. ನಮ್ಮ ಕಾಲದ ಫ್ಲಾಗ್ ಎಂಬ ಫೈಬರ್ ಕೇಬಲ್ಲೂ ಮುಂಬೈಯನ್ನು ಹಾದು ಅಲ್ಲಿಗೇ ತಲುಪುತ್ತದೆ. 2013ರಲ್ಲಿ, ಎನ್‌ಎಸ್‌ಎಗಾಗಿ ಕೆಲಸ ಮಾಡಿದ್ದ ಎಡ್ವರ್ಡ್ ಸ್ನೋಡೆನ್ ಹೊರಹಾಕಿದ ದಾಖಲೆಗಳಿಂದ ಗೊತ್ತಾದದ್ದೇನೆಂದರೆ, ಜಿಸಿಎಚ್‌ಕ್ಯು ಇಂಥ ಕೇಬಲ್‌ಗಳಿಗೇ ಕೊಂಡಿ ಹಾಕಿ ಹರಿಯುವ ಮಾತನ್ನು 3 ದಿನ, ಯಾರು ಯಾರಿಗೆ ಎಷ್ಟೊತ್ತಿಗೆ ಎಂಬ ವಿವರವನ್ನು 30 ದಿನ ಇಟ್ಟುಕೊಳ್ಳುತ್ತಿತ್ತು. ಟೆಂಪೋರಾ ಎಂದು ಅದರ ಹೆಸರು. ಅವನು ಹೇಳದಿದ್ದರೆ ಇಲ್ಲಿನ ಜನಕ್ಕೆ ಅದರ ಸುಳಿವೇ ಇರುತ್ತಿರಲಿಲ್ಲ. ಅದೇ ಆಧಾರದ ಮೇಲೆ ಕೇಸು ನಡೆದು, 2021ರ ಮೇ 25ರಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ತೀರ್ಪು ಕೊಟ್ಟಿತು: ಸಾರಾಸಗಟಾಗಿ ಕೇಳುವುದೇ ತಪ್ಪೆಂದಲ್ಲ, ಆದರೆ ಹೊರಗಿನ ಸ್ವತಂತ್ರ ಅನುಮತಿಯಿಲ್ಲದೆ ಬ್ರಿಟನ್ ನಡೆಸಿದ ರೀತಿ ಖಾಸಗಿ ಬದುಕಿನ ಹಕ್ಕಿನ ಉಲ್ಲಂಘನೆ.

"ತಪ್ಪು ಮಾಡದವನಿಗೆ ಯಾಕೆ ಭಯ" ಎಂಬ ನಿಮ್ಮ ಇನ್ನೊಂದು ಮಾತಿಗೆ ಬೆಂಗಳೂರಿನ ನ್ಯಾಯಮೂರ್ತಿ ಪುಟ್ಟಸ್ವಾಮಿಯವರನ್ನು ನೆನಪಿಸುತ್ತೇನೆ. ನಮ್ಮ ಹೈಕೋರ್ಟಿನಿಂದ ನಿವೃತ್ತರಾಗಿ ಎಷ್ಟೋ ವರ್ಷ ಕಳೆದ ಮೇಲೆ, 86ರ ವಯಸ್ಸಿನಲ್ಲಿ, ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. ಮುಚ್ಚಿಡಬೇಕಾದ ತಪ್ಪು ಅವರಿಗೇನಿತ್ತು? 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದದ್ದು ಅವರ ಕೇಸಿನಲ್ಲೇ.

ಕೊನೆಯದಾಗಿ ರಾಮಕೃಷ್ಣ ಹೆಗಡೆಯವರ ವಿಷಯ. ಸಿದ್ದಾಪುರದ ದೊಡ್ಮನೆಯವರು ಎಂದು ನೀವು ಹೆಮ್ಮೆಪಟ್ಟವರು. 1988ರ ಆಗಸ್ಟಿನಲ್ಲಿ ಫೋನ್ ಕದ್ದಾಲಿಕೆಯ ಆರೋಪ ಬಂದು ಮುಖ್ಯಮಂತ್ರಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟಾಗ ನೀವು ಊಟ ಬಿಟ್ಟು ರೇಡಿಯೋ ಮುಂದೆ ಕೂತಿದ್ದಿರೆಂದು ಅಮ್ಮ ಈಗಲೂ ಹೇಳುತ್ತಾಳೆ. ಕದ್ದಾಲಿಕೆಯ ಮಾತಿಗೇ ಒಂದು ಸರ್ಕಾರ ತಲೆಬಾಗಿದ ಕಾಲ ಅದು. ಆಗ ಕದ್ದಾಲಿಕೆಗೆ ಆಧಾರವಾಗಿದ್ದ ಟೆಲಿಗ್ರಾಫ್ ಕಾಯ್ದೆ 1885ರದ್ದು. ಕದ್ದಾಲಿಕೆಗೆ ಗೃಹ ಕಾರ್ಯದರ್ಶಿಯ ಆದೇಶ ಬೇಕು, ಅದನ್ನು ಸಮಿತಿ ಪರಿಶೀಲಿಸಬೇಕು ಎಂದು ಸುಪ್ರೀಂ ಕೋರ್ಟ್ ಕಟ್ಟುಪಾಡು ಹಾಕಿದ್ದು 1996ರಲ್ಲಿ. ನಿಮ್ಮ ನೌಕರಿಯ ಬಹುಕಾಲ ಆ ಕಟ್ಟುಪಾಡಿಲ್ಲದೇ ಕಳೆದಿದೆ. ಆಗ ಎಕ್ಸ್‌ಚೇಂಜಿಗೆ ಆದೇಶ ಹೇಗೆ ಬರುತ್ತಿತ್ತು, ಕಾಗದದಲ್ಲೋ ಬಾಯಿಮಾತಿನಲ್ಲೋ? ಆಗುವುದಿಲ್ಲ ಎಂದವರು ಯಾರಾದರೂ ಇದ್ದರೇ, ಅವರಿಗೇನಾಯಿತು? ಯಾರ ಹೆಸರೂ ಬೇಡ. ಬರೆಯಬಹುದು ಅನ್ನಿಸಿದಷ್ಟನ್ನು ಬರೆದು ಕಳಿಸಿ.

ಅಮ್ಮನಿಗೆ ನಮಸ್ಕಾರ, ತಮ್ಮನಿಗೆ ಆಶೀರ್ವಾದ.

ಇಂತಿ,
ನಿಮ್ಮ ಪ್ರೀತಿಯ ಮಗಳು